ಚೀಲಕ್ಕೆ ಕೈ ಹಾಕುವ ಮುಂಚೆ: ಡಿ ಅಂಡ್ ಡಿ ಉಚಿತ ನಿಯಮಗಳಲ್ಲಿ ಶಾಪದ ಸಾಮಾನು ಹೇಗಿದೆ?

ಚೀಲ ನೋಡೋಕೆ ಮಾಮೂಲಿ ಚೀಲದ ಹಾಗೇ ಇತ್ತು. ಹೊರಗಿನ ಗಾತ್ರಕ್ಕಿಂತ ತುಂಬಾ ಜಾಸ್ತಿ ಹಿಡಿಯುವ ಮಾಯದ ಚೀಲ ಸಿಕ್ಕಿತು ಅಂತ ಎಲ್ಲರಿಗೂ ಖುಷಿ, ಯಾಕಂದ್ರೆ ನಾವಾಡುವ ಡಿ ಅಂಡ್ ಡಿ, ಅಂದ್ರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಅಂಥ ಒಳ್ಳೆಯ ಚೀಲ ನಿಜವಾಗಿಯೂ ಒಂದಿದೆ, ಅದು ಎಲ್ಲರಿಗೂ ಬೇಕು. ಈ ಆಟದಲ್ಲಿ ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗಿ ದಾಳ ಹಾಕಿ ಆಡುತ್ತಾರೆ. ಕಳ್ಳಿಯ ಪಾತ್ರ ಆಡುವ ನಮ್ಮ ಪಕ್ಕದ ಮನೆ ಹುಡುಗಿ ಹಿಂದೆಮುಂದೆ ನೋಡದೆ ಕೈ ಹಾಕಿದಳು. ನಾನು ಅವಳ ಕೈಗೆ ಒಂದರಿಂದ ನೂರರವರೆಗೆ ಎಣಿಕೆ ಬರುವ ದಾಳ ಕೊಟ್ಟೆ. 50 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಷ್ಟ. 31 ಬಿತ್ತು.

"ಚೀಲ ನಿನ್ನನ್ನು ಒಳಗೆ ಎಳ್ಕೊಂಡಿತು" ಅಂದೆ.

ಅದು ಚೀಲ ಅಲ್ಲ, ಬಾಯಿ. ಬೇರೆ ಯಾವುದೋ ಲೋಕದಲ್ಲಿರುವ ಒಂದು ದೈತ್ಯ ಪ್ರಾಣಿಯ ಬಾಯಿ ನಮ್ಮ ಲೋಕದಲ್ಲಿ ಚೀಲದ ಹಾಗೆ ಕಾಣುತ್ತದೆ, ಅಷ್ಟೇ. ಒಳಗೆ ಸಿಕ್ಕಿಕೊಂಡವರು ತಮ್ಮ ಮುಂದಿನ ಸರದಿ ಶುರುವಾಗುವಾಗ ಇನ್ನೂ ಒಳಗೇ ಇದ್ದರೆ ಮುಗೀತು, ದೇಹವೂ ಸಿಗುವುದಿಲ್ಲ. ಹೊರಗಿನವರು ಕೈ ಹಾಕಿ ಎಳೆಯಬಹುದು, ಆದರೆ ಕೈ ಹಾಕಿದವರನ್ನೂ ಅದು ಎಳೆದುಕೊಳ್ಳುವ ಸಾಧ್ಯತೆ ಅರ್ಧಕ್ಕರ್ಧ ಇದೆ. ಅದರಿಂದ ತಪ್ಪಿಸಿಕೊಂಡರೆ ಮಾತ್ರ ಎಳೆಯುವ ಮಾತು, ಅದಕ್ಕೂ ಇಪ್ಪತ್ತು ಮುಖದ ದಾಳ ಮತ್ತು ತೋಳ್ಬಲ ಸೇರಿ 20 ಆಗಬೇಕು. ನನ್ನ ತಮ್ಮ ಸೈನಿಕನ ಪಾತ್ರ ಆಡುತ್ತಾನೆ, ಅವನ ತೋಳ್ಬಲಕ್ಕೆ 4 ಸೇರುತ್ತದೆ. ಮೊದಲ ದಾಳದಲ್ಲಿ ಬಚಾವಾದ. ಎರಡನೆಯದು ಹಾಕುವ ಮುಂಚೆ ಅಂಗೈ ಒರೆಸಿಕೊಂಡು, ದಾಳವನ್ನು ಬಾಯಿ ಹತ್ತಿರ ತಂದು ಊದಿದ. 17. ಕೂಡಿದರೆ 21. ಆವತ್ತು ಎದ್ದ ಕೂಗಿಗೆ ಕೆಳಗಿನ ಮನೆ ಅಜ್ಜಿ ಮೆಟ್ಟಿಲ ಹತ್ತಿರ ಬಂದು "ಏನ್ರೋ ಅದು ಗದ್ಲ, ಮ್ಯಾಚ್ ಗೆದ್ರೇನು?" ಅಂತ ಕೇಳಿದರು.

ನಾನು ಇಲ್ಲಿ ವಿಮರ್ಶೆ ಮಾಡುತ್ತಿರುವುದು ಈ ಚೀಲ ಇರುವ ಕಡತವನ್ನು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ಮೊದಲು ಬಂದಿದ್ದು 1974ರಲ್ಲಿ, ಅಮೆರಿಕದಲ್ಲಿ. ಅದರ ಐದನೇ ಆವೃತ್ತಿಯ ಮೂಲ ನಿಯಮಗಳನ್ನು ಕಂಪನಿಯೇ ಒಂದು ಪಿಡಿಎಫ್ ಮಾಡಿ ಕೊಟ್ಟಿದೆ. ಹೆಸರು ಸಿಸ್ಟಮ್ ರೆಫರೆನ್ಸ್ ಡಾಕ್ಯುಮೆಂಟ್ 5.1, ಎಲ್ಲರೂ ಎಸ್‌ಆರ್‌ಡಿ ಅನ್ನುತ್ತಾರೆ. ಸುಮಾರು 400 ಪುಟ, ಪೂರ್ತಿ ಉಚಿತ. 2023ರ ಜನವರಿಯಲ್ಲಿ ಅದನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಹಾಕಿದರು. ಅಂದ್ರೆ ಮೂಲ ಯಾರದು ಅಂತ ಹೇಳಿ ಯಾರು ಬೇಕಾದರೂ ಅನುವಾದ ಮಾಡಬಹುದು, ಬದಲಿಸಬಹುದು, ಮಾರಲೂಬಹುದು. ಕನ್ನಡದಲ್ಲಿ ಆಡಬೇಕು ಅನ್ನುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ ಅಂತ ನಾನು ನಂಬುತ್ತೇನೆ.

ನಾವು ಐದು ಜನ. ದಾವಣಗೆರೆ ಪಿ.ಜೆ. ಬಡಾವಣೆಯಲ್ಲಿ ಒಂದು ಮಹಡಿ ರೂಮು. ಒಬ್ಬ ಗೆಳೆಯ ಎರಡು ವಾರಕ್ಕೊಮ್ಮೆ ಚಿತ್ರದುರ್ಗದಿಂದ ಬಸ್ ಹತ್ತಿ ಬರುತ್ತಾನೆ, ಬರುವಾಗ ದಾರಿಯಲ್ಲೇ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬರುತ್ತಾನೆ. ಆಟ ನಡೆಸುವವನು ನಾನು, ಅಂದ್ರೆ ಡಿಎಂ. ಕಡತ ಪೂರ್ತಿ ಪ್ರಿಂಟ್ ಹಾಕಿಸಲು ಹೋಗಲಿಲ್ಲ. ಮಾಯದ ವಸ್ತುಗಳ ಭಾಗ ಸುಮಾರು 50 ಪುಟ, ಅಷ್ಟನ್ನೇ ಹಾಕಿಸಿ ಸ್ಪೈರಲ್ ಬೈಂಡ್ ಮಾಡಿಸಿದೆ. ಜೆರಾಕ್ಸ್ ಅಂಗಡಿ ಹುಡುಗ ಪುಟ ಜೋಡಿಸುತ್ತಾ "ಸರ್, ಇದೇನ್ ಮಾಟದ ಪುಸ್ತಕನಾ?" ಅಂದ. ಅವನ ಪ್ರಶ್ನೆಗೆ ಆಮೇಲೆ ಬರುತ್ತೇನೆ, ಅದು ಸಣ್ಣ ಪ್ರಶ್ನೆಯಲ್ಲ.

ಆ 50 ಪುಟದಲ್ಲಿ ಜಾಸ್ತಿ ಇರುವುದು ಒಳ್ಳೆಯ ಸಾಮಾನೇ. ಗಾಯ ವಾಸಿ ಮಾಡುವ ಔಷಧಿ, ಹಾರುವ ಚಾಪೆ, ಉರಿಯುವ ಕತ್ತಿ. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಕೆಟ್ಟ ಸಾಮಾನು ಕೂತಿದೆ. ನನಗೆ ಬೇಕಾಗಿದ್ದು ಅವು. ಒಂದೂವರೆ ವರ್ಷದಿಂದ ಒಂದೊಂದಾಗಿ ನಮ್ಮ ಮೇಜಿನ ಮೇಲೆ ಇಟ್ಟು ನೋಡಿದ್ದೇನೆ. ಹೆಸರೆಲ್ಲ ಕನ್ನಡಕ್ಕೆ ತಂದು, ದಪ್ಪ ಬಿಳಿ ಡ್ರಾಯಿಂಗ್ ಶೀಟ್ ಕತ್ತರಿಸಿ ಕಾರ್ಡ್ ಮಾಡಿದ್ದೇವೆ. ಬ್ಯಾಗ್ ಆಫ್ ಡಿವೌರಿಂಗ್ ನಮ್ಮಲ್ಲಿ ನುಂಗುಚೀಲ. ಬರ್ಸರ್ಕರ್ ಆಕ್ಸ್ ಹುಚ್ಚುಗೊಡಲಿ. ಡೆಕ್ ಆಫ್ ಮೆನಿ ಥಿಂಗ್ಸ್ ಅನ್ನುವುದಕ್ಕೆ ನನ್ನ ತಮ್ಮ ಕೊಟ್ಟ ಹೆಸರು ಹಣೆಬರಹದ ಕಟ್ಟು. ಇಂಗ್ಲಿಷ್ ಹೆಸರು ಕೇಳಿದಾಗ ಸುಮ್ನೆ ತಲೆ ಆಡಿಸುತ್ತಿದ್ದವರು "ಹುಚ್ಚುಗೊಡಲಿ" ಅಂದ ಕೂಡಲೇ ಕೈ ಹಿಂದಕ್ಕೆ ತೆಗೆದುಕೊಂಡರು.

ನುಂಗುಚೀಲಕ್ಕೆ ನನ್ನ ಪೂರ್ತಿ ಅಂಕ. ಆದರೆ ಆವತ್ತಿನ ಕೂಗಾಟಕ್ಕಾಗಿ ಅಲ್ಲ. ನಾಲ್ಕು ವಾರ ಕಳೆದ ಮೇಲೆ ನಡೆದಿದ್ದಕ್ಕಾಗಿ.

ಚೀಲ ಬಾಯಿ ಅಂತ ಗೊತ್ತಾದ ಮೇಲೆ ಅವರು ಅದನ್ನು ಬಿಸಾಡುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಬಿಸಾಡಲಿಲ್ಲ. ಹೊರಳಿಸಿ ಒಳಮಗ್ಗುಲು ಹೊರಗೆ ಮಾಡಿದರೆ ಬಾಯಿ ಮುಚ್ಚುತ್ತದೆ ಅಂತ ನಿಯಮದಲ್ಲಿದೆ, ಹಾಗೆ ಮಾಡಿ ಮೂಟೆಯಲ್ಲಿ ಇಟ್ಟುಕೊಂಡರು. ಆಮೇಲೆ ಒಂದು ರಾತ್ರಿ ಕೋಟೆಯೊಳಗೆ ನುಸುಳುವಾಗ ಕಾವಲುಗಾರನೊಬ್ಬ ಎದುರಾದ. ಜಗಳವಾಯಿತು, ಅವನು ಸತ್ತ. ಕೊಲ್ಲಬೇಕು ಅಂತ ಯಾರೂ ಅಂದುಕೊಂಡಿರಲಿಲ್ಲ. ಹೆಣ ಎಲ್ಲಿಡುವುದು? ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿದ್ದರು. ಆಮೇಲೆ ಆ ಚೀಲದಿಂದಲೇ ಬದುಕಿ ಬಂದಿದ್ದ ಹುಡುಗಿ ಮೆಲ್ಲಗೆ ಅಂದಳು: "ಚೀಲ ಇದೆಯಲ್ಲ."

ನಿಯಮ ಸ್ಪಷ್ಟ ಇದೆ. ಪ್ರಾಣಿಯ ದೇಹವಾಗಲಿ, ಗಿಡದ್ದಾಗಲಿ, ಪೂರ್ತಿ ಒಳಗೆ ಹಾಕಿದರೆ ಅದು ತಿಂದುಬಿಡುತ್ತದೆ, ಮತ್ತೆಂದೂ ಸಿಗುವುದಿಲ್ಲ. ನಾನು ಹೂಂ ಅಂದೆ. ಆ ಕಾವಲುಗಾರನಿಗೆ ನಾನು ಹೆಸರೂ ಕೊಟ್ಟಿರಲಿಲ್ಲ. ಚೀಲದ ಬಾಯಿ ಬಿಚ್ಚಿದ ಮೇಲೆ ನನ್ನ ತಮ್ಮ ಕೇಳಿದ, "ಅವನ ಹೆಸರೇನು?" ಅಂತ. ನನಗೆ ಮೈ ಜುಂ ಅಂದಿತು. ಅಲ್ಲಿಂದ ಮುಂದೆ ಆ ಊರಿನಲ್ಲಿ ಕಾವಲುಗಾರನ ಹೆಂಡತಿ ಗಂಡನನ್ನು ಹುಡುಕುತ್ತಾ ಓಡಾಡುವ ಕಥೆ ಹುಟ್ಟಿಕೊಂಡಿತು. ಅದು ಇವತ್ತಿಗೂ ಮುಗಿದಿಲ್ಲ.

ಕೆಟ್ಟ ಸಾಮಾನು ಅಂದ್ರೆ ಇದು ಅಂತ ನನಗೆ ಆವತ್ತು ಗೊತ್ತಾಯಿತು. ಗೊತ್ತಿಲ್ಲದೆ ಕೈ ಹಾಕಿ ಸಿಕ್ಕಿಕೊಳ್ಳುವುದು ಒಂದು ಸಲದ ಹೆದರಿಕೆ. ಏನು ಅಂತ ಚೆನ್ನಾಗಿ ಗೊತ್ತಿದ್ದೂ ಮೂಟೆಯಲ್ಲಿ ಇಟ್ಟುಕೊಳ್ಳುತ್ತಾರಲ್ಲ, ಅಲ್ಲಿ ಆ ವಸ್ತು ತನ್ನ ಕೆಲಸ ಶುರು ಮಾಡುತ್ತದೆ. ಆಮೇಲೆ ಉಳಿದ ಎಲ್ಲ ಸಾಮಾನನ್ನೂ ನಾನು ಈ ಒಂದು ಕಣ್ಣಿನಿಂದಲೇ ನೋಡಿದ್ದೇನೆ.

ಹುಚ್ಚುಗೊಡಲಿ ತಗೊಳ್ಳಿ. ಒಳ್ಳೆಯ ಕೊಡಲಿ, ಹೊಡೆತಕ್ಕೆ 1 ಸೇರುತ್ತದೆ. ಅದರ ಜೊತೆ ಒಗ್ಗಿಕೊಂಡವರಿಗೆ ಪ್ರತಿ ಲೆವೆಲ್‌ಗೆ ಒಂದರಂತೆ ಪ್ರಾಣದ ಅಂಕ, ಅಂದ್ರೆ ಎಷ್ಟು ಏಟು ತಡೆಯಬಹುದು ಅನ್ನುವ ಲೆಕ್ಕ, ಜಾಸ್ತಿಯಾಗುತ್ತದೆ. ಶಾಪ ಏನಪ್ಪಾ ಅಂದ್ರೆ, ಅದನ್ನು ಬಿಟ್ಟಿರಲು ಮನಸ್ಸು ಬರುವುದಿಲ್ಲ, ಹತ್ತಿರದಲ್ಲಿ ಶತ್ರು ಇದ್ದಾಗ ಬೇರೆ ಆಯುಧ ಹಿಡಿದರೆ ಕೈ ತಪ್ಪುವುದು ಜಾಸ್ತಿ, ಮತ್ತೆ ಶತ್ರುವಿನಿಂದ ಏಟು ಬಿದ್ದಾಗಲೆಲ್ಲ ಬುದ್ಧಿಯ ದಾಳ 15 ಮುಟ್ಟದಿದ್ದರೆ ಹುಚ್ಚು ಹಿಡಿಯುತ್ತದೆ. ಹುಚ್ಚು ಹಿಡಿದವನು ತನಗೆ ಯಾರು ಹತ್ತಿರ ಇದ್ದಾರೋ ಅವರನ್ನೇ ಕಡಿಯಬೇಕು. ಗೆಳೆಯನಾದರೂ ಅಷ್ಟೇ. 60 ಅಡಿಯೊಳಗೆ ಕಣ್ಣಿಗೆ ಬೀಳುವ, ಕಿವಿಗೆ ಕೇಳುವ ಒಂದು ಜೀವವೂ ಇಲ್ಲ ಅನ್ನುವವರೆಗೆ ಅದು ಇಳಿಯುವುದಿಲ್ಲ.

ಮೊದಲ ಸಲ ನಾನು ಇದನ್ನು ಮುಚ್ಚಿಟ್ಟು ಕೊಟ್ಟೆ. ಈ ಕಡತಕ್ಕೆ ಮೂಲವಾದ 2014ರ ನಿಯಮಗಳಲ್ಲಿ ಹಾಗೇ ಇದೆ, ವಸ್ತು ಏನು ಅಂತ ತಿಳಿಸುವ ಮಂತ್ರ ಹಾಕಿದರೂ ಸಾಮಾನ್ಯವಾಗಿ ಶಾಪ ಕಾಣುವುದಿಲ್ಲ. ದುರ್ಗದ ಗೆಳೆಯ ಅದನ್ನು ತಗೊಂಡ, ಇಕ್ಕಟ್ಟಿನ ಮೆಟ್ಟಿಲ ಮೇಲೆ ಹುಚ್ಚು ಹಿಡಿಯಿತು, ಹಿಂದೆ ದೀಪ ಹಿಡಿದು ನಿಂತಿದ್ದ ನಮ್ಮ ಗುಂಪಿನ ಪೂಜಾರಿ ಪಾತ್ರವನ್ನು ಕಡಿದುಹಾಕಿದ. ಅವನಿಗೆ ನಿಜವಾಗಿಯೂ ಬೇಜಾರಾಯಿತು. "ನಂಗೆ ಗೊತ್ತಿದ್ರೆ ಮುಟ್ತಾನೇ ಇರ್ಲಿಲ್ಲ, ನೀನು ನನ್ನ ಕೈಲಿ ಮಾಡಿಸ್ದೆ" ಅಂದ. ಅವನು ಹೇಳಿದ್ದು ಸರಿ. ಕಡಿದಿದ್ದು ಅವನಲ್ಲ, ನಾನು.

ಎರಡನೇ ಸಲ, ಹೊಸ ಕಥೆಯಲ್ಲಿ, ಕಾರ್ಡಿನ ಮೇಲೆ ಶಾಪವನ್ನೂ ಬರೆದೇ ಕೊಟ್ಟೆ. ಅದೇ ಗೆಳೆಯ ಎರಡು ಸಲ ಓದಿ, ಕಾರ್ಡನ್ನು ಎದುರಿಗೆ ಇಟ್ಟುಕೊಂಡು, "ಇರ್ಲಿ, ನಂಗೆ ಏಟು ಬೀಳದಂಗೆ ನೀವು ನೋಡ್ಕೊಳ್ಳಿ" ಅಂದ. ಆಟವೇ ಬೇರೆ ಆಯಿತು. ಪ್ರತಿ ಜಗಳದಲ್ಲೂ ಉಳಿದವರು ಅವನಿಂದ ಎಷ್ಟು ದೂರ ನಿಲ್ಲಬೇಕು ಅಂತ ಲೆಕ್ಕ ಹಾಕತೊಡಗಿದರು, ರಾತ್ರಿ ಮಲಗುವಾಗಲೂ ಅವನ ಪಕ್ಕ ಯಾರೂ ಹಾಸಿಗೆ ಹಾಸುತ್ತಿರಲಿಲ್ಲ. ಐದನೇ ಲೆವೆಲ್‌ಗೆ ಬಂದ ಪೂಜಾರಿಗೆ ಶಾಪ ಬಿಡಿಸುವ ಮಂತ್ರ ಸಿಗುತ್ತದೆ. ಮಂತ್ರ ಸಿಕ್ಕಿತು. ಗೆಳೆಯ ಬೇಡ ಅಂದ, ಇನ್ನೊಂದು ಸ್ವಲ್ಪ ದಿನ ಇರಲಿ ಅಂದ. ಆ "ಇನ್ನೊಂದು ಸ್ವಲ್ಪ ದಿನ" ಕೇಳೋಕೆ ನಾನು ಒಂದು ವರ್ಷ ಕಾದಿದ್ದೆ ಅಲ್ವಾ.

ಕಡತದಲ್ಲಿ ನನಗೆ ಇಷ್ಟವಾಗದ ಸಾಮಾನೂ ಇದೆ. ಬಾಣಗಳನ್ನು ತನ್ನ ಕಡೆಗೇ ಎಳೆದುಕೊಳ್ಳುವ ಗುರಾಣಿ, ಒಂದು ಬಗೆಯ ಏಟು ತಡೆದು ಇನ್ನೆರಡು ಬಗೆಯ ಏಟಿಗೆ ಮೈಯೊಡ್ಡುವ ಕವಚ, ಔಷಧಿ ಅಂತ ಕುಡಿದರೆ ವಿಷವಾಗುವ ಸೀಸೆ. ಇವು ಬರೀ ಬೋನು. ಒಮ್ಮೆ ಸಿಕ್ಕಿಕೊಂಡರು, ಬಿಡಿಸಿಕೊಂಡರು, ಎಸೆದರು. ಆಸೆ ಹುಟ್ಟಿಸುವುದಿಲ್ಲ, ಕಥೆಯೂ ಹುಟ್ಟುವುದಿಲ್ಲ. ನಾನು ಈ ಪುಟಗಳನ್ನು ದಾಟಿ ಹೋಗುತ್ತೇನೆ. ಗುರಾಣಿಯನ್ನು ಮಾತ್ರ ನಮ್ಮ ಹುಡುಗಿ ಒಂದು ಸಲ ಬೇಕಂತಲೇ ಹಿಡಿದು, ಹಿಂದೆ ಅಡಗಿದ್ದ ಮಕ್ಕಳ ಕಡೆಗೆ ಬರುತ್ತಿದ್ದ ಬಾಣಗಳನ್ನೆಲ್ಲ ತನ್ನ ಮೇಲೆ ತೆಗೆದುಕೊಂಡಳು. 10 ಅಡಿಯೊಳಗಿನ ಯಾರಿಗೆ ಗುರಿಯಿಟ್ಟರೂ ಬಾಣ ಗುರಾಣಿ ಹಿಡಿದವರಿಗೇ ಬರುತ್ತದೆ. ಅದು ಅವಳ ಬುದ್ಧಿ, ಕಡತದ್ದಲ್ಲ.

ಹಣೆಬರಹದ ಕಟ್ಟಿನ ಬಗ್ಗೆ ಎಚ್ಚರಿಕೆಯಿಂದ ಹೇಳಬೇಕು. ಇದಕ್ಕೆ ಬೇರೆ ಏನೂ ಕೊಳ್ಳುವುದು ಬೇಡ, ಮನೆಯಲ್ಲಿರುವ ಇಸ್ಪೀಟು ಕಟ್ಟು ಸಾಕು. ಯಾವ ಎಲೆಗೆ ಏನು ಫಲ ಅಂತ ಕಡತದಲ್ಲೇ ಕೊಟ್ಟಿದ್ದಾರೆ. ಕೆಲವು ಕಟ್ಟಿನಲ್ಲಿ 22 ಎಲೆ, ಹೆಚ್ಚಿನವುಗಳಲ್ಲಿ 13. ಎಷ್ಟು ಎಲೆ ಎತ್ತುತ್ತೀರಿ ಅಂತ ಮುಂಚೆಯೇ ಹೇಳಬೇಕು, ಹೇಳಿದ ಮೇಲೆ ಹಿಂದೆ ಸರಿಯುವ ಹಾಗಿಲ್ಲ. ನನ್ನ ತಮ್ಮ ಮೂರು ಅಂದ. ಮೊದಲು ಡೈಮಂಡ್ ರಾಣಿ ಬಂದಳು. ಅದು ಚಂದ್ರನ ಎಲೆ, ಬಯಸಿದ್ದನ್ನು ಆಗಿಸುವ ಮಂತ್ರ ಒಂದರಿಂದ ಮೂರು ಸಲ ಸಿಗುತ್ತದೆ. ಎಲ್ಲರೂ ಮೇಜು ಬಡಿದರು. ಎರಡನೇ ಎಲೆ ಕಳಾವರ್ ರಾಜ. ಶೂನ್ಯ. ದೇಹ ಇಲ್ಲೇ ಬಿದ್ದಿರುತ್ತದೆ, ಆತ್ಮ ಎಲ್ಲೋ ದೂರದಲ್ಲಿ ಯಾವುದೋ ವಸ್ತುವಿನೊಳಗೆ ಸೆರೆ. ಆ ವಸ್ತು ಎಲ್ಲಿದೆ ಅಂತ ತಿಳಿಯಲು ಬಯಕೆಯ ಮಂತ್ರವನ್ನೇ ಹಾಕಬಹುದು. ಆದರೆ ಆ ಮಂತ್ರ ಇದ್ದಿದ್ದು ಅವನೊಬ್ಬನ ಹತ್ತಿರ, ಅವನು ಎದ್ದು ಕೂರುವ ಹಾಗಿಲ್ಲ. ಮೂರನೇ ಎಲೆ ಎತ್ತುವ ಪ್ರಶ್ನೆಯೇ ಬರಲಿಲ್ಲ.

ಅವನು ಮುಖ ಸಣ್ಣಗೆ ಮಾಡಿಕೊಂಡು ಆ ಎಲೆಯನ್ನೇ ನೋಡುತ್ತಾ ಕೂತಿದ್ದ. ಮಿರ್ಚಿಯ ಎಣ್ಣೆಯ ಕಲೆ ರಾಜನ ಗಡ್ಡದ ಮೇಲೆ ಬಿದ್ದಿತ್ತು, ಅದು ಈಗಲೂ ಇದೆ. ಅವನ ಆತ್ಮ ಹುಡುಕಲು ನಮಗೆ ಮೂರು ತಿಂಗಳು ಹಿಡಿಯಿತು, ಅಲ್ಲಿಯವರೆಗೆ ಅವನು ಬೇರೆ ಪಾತ್ರ ಆಡಿದ. ನನ್ನ ಅಭಿಪ್ರಾಯ: ಈ ಕಟ್ಟು ಅದ್ಭುತ, ಆದರೆ ನಡೆಯುತ್ತಿರುವ ಕಥೆಯ ಮಧ್ಯೆ ಇಡಬೇಡಿ. ಕಥೆ ಮುಗಿಯುತ್ತಾ ಬಂದಾಗ ಇಡಿ. ಇಲ್ಲದಿದ್ದರೆ ಒಂದೂವರೆ ವರ್ಷ ಕಟ್ಟಿದ್ದು ಒಂದು ಎಲೆಗೆ ಹೋಗುತ್ತದೆ.

ಯಾರೂ ಜಾಸ್ತಿ ಮಾತಾಡದ ಒಂದು ಕತ್ತಿ ಇದೆ, ನೈನ್ ಲೈವ್ಸ್ ಸ್ಟೀಲರ್. ನಾವು ಜೀವಗಳ್ಳ ಅನ್ನುತ್ತೇವೆ. ಇದಕ್ಕೆ ಶಾಪ ಅಂತ ಎಲ್ಲೂ ಬರೆದಿಲ್ಲ, ಆದರೂ ಇಡೀ ಕಡತದಲ್ಲಿ ನುಂಗುಚೀಲದ ನಂತರ ಇದೇ ಅಂತ ನನಗೆ ಅನಿಸುತ್ತದೆ. ದಾಳದಲ್ಲಿ ನೇರ 20 ಬಿದ್ದು ಏಟು ತಾಗಿದಾಗ, ಎದುರಿಗಿರುವವನ ಪ್ರಾಣದ ಅಂಕ 100ಕ್ಕಿಂತ ಕಡಿಮೆ ಇದ್ದರೆ, ಅವನು ತನ್ನ ದಾಳದಲ್ಲಿ ತಪ್ಪಿಸಿಕೊಳ್ಳದಿದ್ದರೆ, ಕತ್ತಿ ಅವನ ಜೀವವನ್ನು ಮೈಯಿಂದ ಕಿತ್ತುಕೊಳ್ಳುತ್ತದೆ. ಹೀಗೆ ಎಷ್ಟು ಜೀವ ಕೀಳಬಹುದು ಅನ್ನುವುದಕ್ಕೆ ಲೆಕ್ಕ ಇದೆ, ಎರಡರಿಂದ ಒಂಬತ್ತು. ಆ ಸಂಖ್ಯೆಯನ್ನು ನಾನೇ ದಾಳ ಹಾಕಿ ಗುಟ್ಟಾಗಿ ಬರೆದಿಟ್ಟುಕೊಂಡೆ. ಆಡುವವನು ತಾನು ಕಿತ್ತ ಜೀವಗಳನ್ನು ಕಾರ್ಡಿನ ಅಂಚಿನಲ್ಲಿ ಪೆನ್ಸಿಲ್ ಗೀಟು ಹಾಕಿ ಎಣಿಸುತ್ತಿದ್ದ. ನಾಲ್ಕನೇ ಗೀಟು ಹಾಕುವಾಗ ಕೈ ತಡೆಯಿತು. ಲೆಕ್ಕ ಮುಗಿದರೆ ಕತ್ತಿಗೆ ಜೀವ ಕೀಳುವ ಶಕ್ತಿ ಇಲ್ಲ. ಹಾಗಾಗಿ ಯಾರ ಮೇಲೆ ಎತ್ತಬೇಕು, ಯಾರ ಜೀವ ಇದಕ್ಕೆ ಸಾಟಿ ಅಂತ ಯೋಚಿಸತೊಡಗಿದ. ಕೇಳೋಕೆ ಕಷ್ಟವಾಗುವ ಮಾತು, ಆದರೆ ಕತ್ತಿ ಅವನಿಗೆ ಅದನ್ನೇ ಕಲಿಸುತ್ತಿತ್ತು.

ಈ ಆಟದ ಅತಿ ಹೆಸರಾದ ಕೆಟ್ಟ ವಸ್ತುಗಳು ವೆಕ್ನಾ ಅನ್ನುವ ಮಾಂತ್ರಿಕನ ಕೈ ಮತ್ತು ಕಣ್ಣು. 1976ರಷ್ಟು ಹಳೆಯವು. ಅವು ಈ ಉಚಿತ ಕಡತದಲ್ಲಿ ಇಲ್ಲ, ದುಡ್ಡು ಕೊಟ್ಟು ಕೊಳ್ಳುವ ಪುಸ್ತಕದಲ್ಲಿವೆ. ಕೈ ಬೇಕಾದರೆ ನಿಮ್ಮ ಎಡಗೈ ಕತ್ತರಿಸಿಕೊಂಡು ಆ ಜಾಗಕ್ಕೆ ಅದನ್ನು ಹಿಡಿಯಬೇಕು. ಎಡಗೈಯಲ್ಲಿ ಕೊಡಬಾರದು, ತಗೋಬಾರದು ಅಂತ ಕಲಿತು ಬೆಳೆದ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದು ಇಲ್ಲ ಅನ್ನುವುದೇ ಕಡತದ ನಿಜವಾದ ಕೊರತೆ ತೋರಿಸುತ್ತದೆ: ಇಲ್ಲಿರುವ ಹೆಚ್ಚಿನ ಸಾಮಾನಿಗೆ ಹಿಂದಿನ ಕಥೆ ಇಲ್ಲ. ಯಾರು ಮಾಡಿದರು, ಯಾರ ಮನೆ ಹಾಳಾಯಿತು, ಇಲ್ಲಿಗೆ ಹೇಗೆ ಬಂತು, ಹೆಚ್ಚಿನವಕ್ಕೆ ಒಂದು ಸಾಲೂ ಇಲ್ಲ. ಬರೀ ಲೆಕ್ಕ. ಕಥೆ ನೀವೇ ತುಂಬಬೇಕು.

ನಾವು ಅದಕ್ಕೆ ದುರ್ಗಕ್ಕೆ ಹೋದೆವು. ಒಂದು ಭಾನುವಾರ ಬೆಳಿಗ್ಗೆ ಬಸ್ ಹತ್ತಿ, ಏಳು ಸುತ್ತಿನ ಕೋಟೆ ಪೂರ್ತಿ ನಡೆದೆವು. ಒಬ್ಬೊಬ್ಬರೇ ನುಸುಳಬೇಕಾದ ಓಬವ್ವನ ಕಿಂಡಿಯ ಹತ್ತಿರ ನಮ್ಮಲ್ಲೊಬ್ಬರು "ಒನಕೆಯನ್ನೇ ಒಂದು ಶಾಪದ ವಸ್ತು ಮಾಡೋಣ" ಅಂದರು. ಬೇಡ ಅಂದೆ. ಆ ಒನಕೆಯಲ್ಲಿ ಕೆಟ್ಟದ್ದು ಏನೂ ಇಲ್ಲ. ಗಂಡನ ಊಟದ ಹೊತ್ತಿಗೆ ನೀರು ತರಲು ಬಂದ ಹೆಣ್ಣುಮಗಳು ಕೈಗೆ ಸಿಕ್ಕಿದ್ದನ್ನು ಹಿಡಿದು ಕೋಟೆ ಕಾಯ್ದಳು, ಅಷ್ಟೇ. ಅದನ್ನು ಹಾಗೇ ಬಿಡಬೇಕು.

ಮೇಲೆ ಹಿಡಿಂಬೇಶ್ವರ ಗುಡಿಯಲ್ಲಿ ಹಿಡಿಂಬಾಸುರನ ಹಲ್ಲು ಅಂತ ತೋರಿಸುವ ದೊಡ್ಡ ಮೂಳೆ ಇದೆ. ಅದರ ಎದುರು ನಾವು ತುಂಬಾ ಹೊತ್ತು ನಿಂತೆವು. ಮನುಷ್ಯರನ್ನು ತಿನ್ನುತ್ತಿದ್ದವನ ಹಲ್ಲು. ಬರುವಾಗ ಬಸ್ಸಿನಲ್ಲೇ ಕಾರ್ಡ್ ಬರೆದೆವು, ಗುಡಿಯ ಹೆಸರು ತರದೆ, ಸುಮ್ನೆ "ಅಸುರನ ಹಲ್ಲು" ಅಂತ. ಕೊರಳಿಗೆ ಕಟ್ಟಿಕೊಂಡವರಿಗೆ ಹಸಿವೇ ಆಗುವುದಿಲ್ಲ, ತೋಳ್ಬಲ ಏರುತ್ತದೆ. ಆದರೆ ಅವರ ಜೊತೆ ಕೂತು ಉಂಡವರ ಹೊಟ್ಟೆ ತುಂಬುವುದಿಲ್ಲ. ಎಷ್ಟು ತಿಂದರೂ ಬೆಳಿಗ್ಗೆ ಸುಸ್ತಾಗಿ ಏಳುತ್ತಾರೆ. ಇದೆಲ್ಲ ಕಾರ್ಡಿನ ಮೇಲೆ ಬರೆದೇ ಇತ್ತು, ಗುಟ್ಟು ಏನಿಲ್ಲ. ನಮ್ಮ ಹುಡುಗಿ ಅದನ್ನು ಕಟ್ಟಿಕೊಂಡಳು. ಮೂರನೇ ರಾತ್ರಿ ಉಳಿದವರು ಒಲೆ ಸುತ್ತ ಕೂತಾಗ ಅವಳು ತಟ್ಟೆ ಎತ್ತಿಕೊಂಡು ದೂರ ಹೋಗಿ ಕೂತಳು. ಯಾರೂ ಹೇಳಿರಲಿಲ್ಲ. ನಿಯಮಗಳ ಕಡತ ಕೈಯಲ್ಲಿ ಇಲ್ಲದಿದ್ದರೆ ಇದನ್ನು ಮಾಡಲು ನನಗೆ ಧೈರ್ಯ ಬರುತ್ತಿರಲಿಲ್ಲ. ಅಲ್ಲಿನ ಹತ್ತು ವಸ್ತುಗಳ ಲೆಕ್ಕ ನೋಡಿದ ಮೇಲೆ ಹನ್ನೊಂದನೆಯದು ಎಷ್ಟು ಕೊಡಬೇಕು, ಎಷ್ಟು ಕಿತ್ತುಕೊಳ್ಳಬೇಕು ಅಂತ ಕೈಗೆ ತಿಳಿಯುತ್ತದೆ.

ಈಗ ಜೆರಾಕ್ಸ್ ಹುಡುಗನ ಪ್ರಶ್ನೆ. ಇಲ್ಲ, ಇದು ಮಾಟದ ಪುಸ್ತಕ ಅಲ್ಲ, ಆಟದ್ದು ಅಂತ ಅವನಿಗೆ ಹೇಳಿದೆ, ಒಂದು ದಾಳ ತೋರಿಸಿದೆ. ಆದರೆ ನಮ್ಮ ಕಡೆ ಮಾಟ ಅನ್ನುವ ಮಾತು ಎಷ್ಟು ಮನೆಗಳಲ್ಲಿ ಕಣ್ಣೀರು ಹಾಕಿಸಿದೆ ಅಂತ ಎಲ್ಲರಿಗೂ ಗೊತ್ತು. ಇದರ ಹೆಸರಲ್ಲಿ ನಡೆಯುವ ಹಿಂಸೆ ತಡೆಯಲು 2017ರಲ್ಲಿ ರಾಜ್ಯ ಕಾಯ್ದೆಯನ್ನೇ ತರಬೇಕಾಯಿತು. ನಮ್ಮ ಗುಂಪಿನ ಒಬ್ಬರ ಮನೆಯಲ್ಲಿ ಹಿಂದೆ ಇಂಥದ್ದು ನಡೆದಿತ್ತು. ನಾನು ಒಂದು ಕಾರ್ಡಿನಲ್ಲಿ ನಿಂಬೆಹಣ್ಣು, ಕೂದಲು ಅಂತ ಬರೆದಿದ್ದೆ, ಅವರು ಅದನ್ನು ನೋಡಿ ಮೆಲ್ಲಗೆ ತಿರುಗಿಸಿಟ್ಟರು. ಆ ಕಾರ್ಡನ್ನು ಆಗಲೇ ಹರಿದೆ. ಈಗ ಹೊಸಬರು ಬಂದರೆ ಮೊದಲು ಚಹಾ ಕುಡಿಯುತ್ತಾ ಕೇಳುತ್ತೇನೆ, ಆಟದಲ್ಲಿ ಏನು ಬರಬಾರದು ಅಂತ. ಅದಕ್ಕೆ ಕಾರಣ ಕೇಳುವುದಿಲ್ಲ. ತಾಯತ, ನಿಂಬೆಹಣ್ಣು, ಮೂರು ದಾರಿ ಕೂಡುವ ಜಾಗ, ಇವು ನಮ್ಮ ಕಾರ್ಡುಗಳಲ್ಲಿ ಇಲ್ಲ. ಕೊಡಲಿ, ಚೀಲ, ಕತ್ತಿ, ಹಲ್ಲು ಸಾಕು.

ಶುರು ಮಾಡುವವರಿಗೆ: ಕಡತ ಇಂಗ್ಲಿಷಿನಲ್ಲಿದೆ, ಇಳಿಸಿಕೊಳ್ಳಲು ದುಡ್ಡು ಬೇಡ. ಏಳು ದಾಳಗಳ ಒಂದು ಸೆಟ್ ಬೇಕು, ಒಂದೇ ಸೆಟ್ಟಿನಲ್ಲಿ ಐದು ಜನ ಆಡಬಹುದು, ನಾವು ಆರು ತಿಂಗಳು ಹಾಗೇ ಆಡಿದೆವು. ಮೊದಲ ಶಾಪದ ವಸ್ತುವಾಗಿ ಹುಚ್ಚುಗೊಡಲಿ ಇಡಿ, ಶಾಪವನ್ನು ಕಾರ್ಡಿನ ಮೇಲೆ ಬರೆದೇ ಇಡಿ. ನುಂಗುಚೀಲ ಸ್ವಲ್ಪ ಪಳಗಿದ ಮೇಲೆ. ಕಾರ್ಡಿಗೆ ಪ್ಲಾಸ್ಟಿಕ್ ಕವರ್ ಹಾಕಿಸಿ, ಮಿರ್ಚಿ ತಿನ್ನುವ ಊರು ನಮ್ಮದು. 2025ರಲ್ಲಿ ಇದೇ ಕಡತದ 5.2 ಬಂದಿದೆ, ಅದೂ ಉಚಿತ. ಕಥೆ ನಡುವೆ ನಿಯಮ ಬದಲಿಸುವುದು ಬೇಡ ಅಂತ ನಾವು ಹಳೆಯದರಲ್ಲೇ ಇದ್ದೇವೆ. ಕಾವಲುಗಾರನ ಹೆಂಡತಿ ಇನ್ನೂ ಹುಡುಕುತ್ತಿದ್ದಾಳೆ, ಹೋದ ವಾರ ಅವಳು ನಮ್ಮವರು ಇಳಿದುಕೊಂಡಿರುವ ಛತ್ರದ ಬಾಗಿಲು ತಟ್ಟಿದಳು. ಚೀಲ ಒಳಗೆ ಗೂಟಕ್ಕೆ ನೇತು ಹಾಕಿತ್ತು. ಅಲ್ಲಿಗೆ ನಿಲ್ಲಿಸಿದ್ದೇವೆ, ಈ ಭಾನುವಾರ ಬಾಗಿಲು ಯಾರು ತೆಗೆಯುತ್ತಾರೆ ನೋಡಬೇಕು.